ಕಾಲರಿನ ಎಡಗಡೆ

ಹನ್ನೊಂದು ವರ್ಷ ಅವನ ಅಂಗಿ ಒಗೆದವಳು ನಾನು.
ಆಟ ನೋಡಿದ್ದು ಕಡಿಮೆ, ನಾಲ್ಕೋ ಐದೋ ಸಲ.
ತ್ರಿಯೆಸ್ತೆಯ ಮಂದಿ ಮೇಲೆ ಗ್ಯಾಲರಿಯಲ್ಲಿ ಕೂಗುವಾಗ
ನಾನು ಕೆಳಗೆ, ನೆಲಮಾಳಿಗೆಯಲ್ಲಿ,
ಎರಡು ಯಂತ್ರ, ಒಂದು ಕಲ್ಲುತೊಟ್ಟಿ, ಒಂದು ರೇಡಿಯೋ.
ತಲೆಯ ಮೇಲೆ ಛಾವಣಿ ನಡುಗಿದರೆ ಗೋಲು.
ನಡುಗಿ ಅರ್ಧಕ್ಕೇ ನಿಂತರೆ
ಕಂಬಕ್ಕೆ ಬಡಿಯಿತು ಅಂತ ಲೆಕ್ಕ.

ಆದರೂ ಆಟ ನನಗೆ ಗೊತ್ತು. ಕೆಸರು ಚಾಡಿ ಹೇಳುತ್ತದೆ.
ಗೋಲಿಗೆ ಮೊಣಕೈಯಲ್ಲಿ.
ಮುಂದಾಳು ರೊಮಿಲ್ದೊಗೆ ಕುಂಡೆಯಲ್ಲಿ,
ಗಾಳಿ ಸೋಕಿದರೂ ಸಾಕು, ಬೀಳುತ್ತಿದ್ದ ಪುಣ್ಯಾತ್ಮ, ಪೆನಾಲ್ಟಿಗೆ ಕೈಯೊಡ್ಡಿ.
ಎಂಟನೇ ನಂಬರಿಗೆ, ಎಡ್ವಿನೊ ಪೆರ್ತೊತನಿಗೆ,
ಕೆಸರಿಗಿಂತ ಬೆವರೇ ಹೆಚ್ಚು.
ಬೆನ್ನ ಮೇಲೆ ಉಪ್ಪಿನ ಬಿಳಿ ಗೆರೆ,
ಕಡಲು ಇಳಿದ ಮೇಲೆ ಕಟ್ಟೆಗಲ್ಲಿನಲ್ಲಿ ಉಳಿದಂತೆ.

ಮತ್ತೆ ಆ ಕಾಲರು.
ಡಿಸೆಂಬರ್ ಬರುವುದರೊಳಗೆ ಎಡಗಡೆ ಮಾತ್ರ ಸವೆದು ನೂಲು ಬಿಡುತ್ತಿತ್ತು,
ಬಲಗಡೆ ಹೊಚ್ಚ ಹೊಸದು.
ಕತ್ತು ಉಳುಕಿದೆಯೇನೋ ನಿಂದು, ಅಂದೆ.
ನಕ್ಕ. "ಚೆಂಡು ಬರೋ ಮೊದಲೇ ಹಿಂದೆ ನೋಡ್ಕೋಬೇಕು, ನೀವೆಸ್,
ಯಾರು ಎಲ್ಲಿದಾರೆ ಅಂತ.
ಬಂದ್ಮೇಲೆ ನೋಡಿದ್ರೆ ತಡವಾಯ್ತು."
ಒಂದು ಪಂದ್ಯಕ್ಕೆ ಮುನ್ನೂರು ಸಲ, ನಾನೂರು ಸಲ,
ಗದ್ದ ಹೆಗಲಿಗೆ ಉಜ್ಜಿ ಉಜ್ಜಿ.
ನಾನು ಹೊಲಿದೆ, ಅವನು ಸವೆಸಿದ.

ಪತ್ರಿಕೆಯವರು ಗೋಲು ಹೊಡೆದವನ ಹೆಸರು ಬರೆದರು,
ಮನಸ್ಸು ಬಂದರೆ ಚೆಂಡು ಕೊಟ್ಟವನದೂ.
ಆ ಕೊಟ್ಟವನಿಗೆ ಕೊಟ್ಟವನು ಯಾರು?
ಅಷ್ಟು ಹಿಂದಕ್ಕೆ ಹೋಗಲು ಅವರಿಗೆಲ್ಲಿ ಪುರಸೊತ್ತು.
ಅವನ ಸ್ವಂತದ್ದು ಅಂತ ಮೂರೇ ಗೋಲು.
ಅದರಲ್ಲೂ ಒಂದು ಬೋರಾ ಗಾಳಿಯದು,
ಮುದುಕರು ಬೀದಿಯಲ್ಲಿ ಹಗ್ಗ ಹಿಡಿದು ನಡೆಯುವಂಥ ದಿನ,
ಯಾರಿಗೋ ಅಂತ ಎತ್ತಿದ ಚೆಂಡು ತಾನೇ ಬಾಗಿ ಒಳಗೆ ಹೋಯಿತು.
ಕ್ಷಮೆ ಕೇಳುವವನ ಹಾಗೆ ಕೈ ಎತ್ತಿದನಂತೆ,
ರೇಡಿಯೋ ಹೇಳಿತು.

ಆಮೇಲೆ ಮಂಡಿ.

ಕೊನೆಯ ಭಾನುವಾರ ಬುಟ್ಟಿ ತೆರೆದರೆ
ಎಂಟನೇ ನಂಬರಿನ ಎದೆಯ ಮೇಲೆ
ನಾನೇ ಹಾಕಿದ ಇಸ್ತ್ರಿಯ ಗೆರೆ ಹಾಗೇ ಇದೆ.
ಬೆಂಚಿನಲ್ಲಿ ಕೂತವರ ಅಂಗಿ ಒಗೆಯದೆ ಮಡಚಿಡುವುದು ನನ್ನ ರೂಢಿ.
ನೀರು ದಂಡ, ಸೋಪು ದಂಡ.
ಅವತ್ತು ತೊಟ್ಟಿಗೆ ಹಾಕಿದೆ, ಕೈಯಲ್ಲೇ ಉಜ್ಜಿದೆ,
ಏಳಕ್ಕೂ ಒಂಬತ್ತಕ್ಕೂ ನಡುವೆ ಒಣಹಾಕಿದೆ.
ತೊಟ್ಟಿಕ್ಕಿತು, ಎಲ್ಲರದರ ಹಾಗೆ.

ಈಗ ಅವನು ಒಪಿಚಿನಾ ಬೆಟ್ಟಕ್ಕೆ ಬಸ್ಸು ಓಡಿಸುತ್ತಾನೆ.
ನಿನ್ನೆ ರಸ್ತೆಯ ಆಚೆ ಬದಿಯಿಂದ ಮೀನಿನ ಚೀಲ ಹಿಡಿದು ಓಡಿದೆ,
ಓಟವೆಂದರೆ ಎಪ್ಪತ್ತಮೂರರ ಓಟ.
ಬಾಗಿಲು ಮುಚ್ಚಿಯಾಗಿತ್ತು, ಇಂಜಿನ್ನು ಗುರುಗುಡುತ್ತಿತ್ತು.
ಎರಡೆರಡು ಕನ್ನಡಿ ಇವೆ ಅವನಿಗೆ, ಊಟದ ತಟ್ಟೆಯಷ್ಟಗಲ.
ಆದರೂ ಕತ್ತು ಎಡಕ್ಕೆ ತಿರುಗಿತು.
ಬಾಗಿಲು ತೆರೆಯಿತು.

ಹತ್ತುವಾಗ ಕಂಡೆ, ಕಂಪನಿಯ ನೀಲಿ ಅಂಗಿ,
ಕಾಲರಿನ ಎಡಗಡೆ ನೂಲು ಬಿಟ್ಟಿದೆ.
ಗುರುವಾರ ತಂದುಕೊಡು, ಅಂದೆ.
ನನಗೆ ಸೂಜಿಯ ಕಣ್ಣು ಈಗ ಕಾಣುವುದಿಲ್ಲ.
ಗುರುವಾರವಾದರೆ ಮೊಮ್ಮಗಳು ಇರುತ್ತಾಳೆ,
ಪೋಣಿಸಿಕೊಡುತ್ತಾಳೆ.