ಮೇಲಿದೆಯೇ, ಕೆಳಗಿದೆಯೇ

ಮೂವತ್ತೊಂದು ವರ್ಷ ನೀಲಿ ಡಬ್ಬಿ ಹೆಗಲಿಗೆ ಹಾಕಿಕೊಂಡು
ಚಿಂತಾಮಣಿಯ ಸುತ್ತ ಊರೂರು ತಿರುಗಿ
ಮಕ್ಕಳ ತೊಡೆಗೆ ಸೂಜಿ ಚುಚ್ಚಿದವಳು
ಸಿಸ್ಟರ್ ಮುನಿಲಕ್ಷ್ಮಮ್ಮ.
ಆಗ ಅವಳಿಗಿದ್ದ ಭಯ ಒಂದೇ:
ಲಸಿಕೆ ಹೆಪ್ಪುಗಟ್ಟಬಾರದು.
ಐಸು ಬೆವರುವ ತನಕ ಕಾದು, ಅಲುಗಾಡಿಸಿ,
ಒಳಗೆ ನೀರಿನ ಸದ್ದು ಕೇಳಿದ ಮೇಲೇ ಮುಚ್ಚಳ.

ಈಗ ಪೆನ್ಷನ್ನು, ಬಾಡಿಗೆ ಶೆಡ್ಡು, ಎರಡು ಫ್ರೀಜರು,
ಹಿತಕಿದ ಅವರೆಬೇಳೆ, ಅರ್ಧ ಕಿಲೋ ಪೊಟ್ಟಣ.
ಭಯ ಮಗ್ಗುಲು ಬದಲಿಸಿ ಮಲಗಿದೆ:
ಕರಗಬಾರದು.

ನಾನು ಅವಳ ಕೈಕೆಳಗೆ ಇದು ಎರಡನೇ ಚಳಿಗಾಲ.
"ಖಾಲಿ ಜಾಗ ಬಿಡಬೇಡ ಕಣೇ,
ಬಿಸಿ ಬಂದು ಕೂರೋದು ಅಲ್ಲೇ" ಅನ್ನುತ್ತಾಳೆ.
ನಿನ್ನೆಯ ಪೇಪರು ಉಂಡೆ ಮಾಡಿ
ಥರ್ಮೋಕೋಲಿನ ಮೂಲೆ ಮೂಲೆಗೆ ತುರುಕುತ್ತೇನೆ.
ಹೊಸಕೋಟೆಯಿಂದ ಬರುವ ಡ್ರೈ ಐಸು
ಹೊಗೆಯುಗುಳುವ ಬೆಲ್ಲದಚ್ಚು;
ಬರಿಗೈಲಿ ಮುಟ್ಟಿದರೆ ಕೆಂಡಕ್ಕೂ ಅದಕ್ಕೂ ವ್ಯತ್ಯಾಸವಿಲ್ಲ,
ನನ್ನ ತೋರುಬೆರಳ ಬೊಬ್ಬೆ ಸಾಕ್ಷಿ.
"ಮೇಲಿಡು, ಕೆಳಗಲ್ಲ. ತಂಪು ಇಳಿಯೋ ಜಾತಿ.
ಟೇಪು ಸುತ್ತಲೂ ಬಿಗಿಬೇಡ,
ಅದೂ ಉಸಿರು ಬಿಡಬೇಕು, ಇಲ್ಲಾಂದ್ರೆ ಪೆಟ್ಟಿಗೆ ಒಡೀತದೆ.
ಬಾಗಿಲು ತೆಗೆದಿಡು, ಮಗೂನ ನೆಲದ ಮೇಲೆ ಮಲಗಿಸಬೇಡ,
ಆ ಗಾಳಿ ನೆಲ ಹಿಡಿದು ಹರೀತದೆ."
ಮಗು ನನ್ನದು.
ಅವಳ ಸೂಜಿಗೆ ಅತ್ತವರಲ್ಲಿ
ನಾನೂ ಒಬ್ಬಳು.

ಕೊನೆಗೆ ಒಂದು ಚಿಕ್ಕ ಬಾಟಲಿ,
ಹೆಪ್ಪುಗಟ್ಟಿದ ನೀರು, ಮೇಲೊಂದು ರೂಪಾಯಿ.
ಪೆಟ್ಟಿಗೆ ತೆರೆದಾಗ ನಾಣ್ಯ ಮೇಲಿದ್ದರೆ
ಬೇಳೆ ಮಾತು ಉಳಿಸಿಕೊಂಡಿದೆ.
ತಳದಲ್ಲಿದ್ದರೆ
ಎಷ್ಟು ಗಟ್ಟಿಯಾಗಿ ಕಂಡರೂ ನಂಬಬೇಡಿ:
ನಡುವೆಲ್ಲೋ ಕರಗಿ ಮತ್ತೆ ಸೆಟೆದುಕೊಂಡದ್ದು.

ಸಂಕ್ರಾಂತಿಗೆ ಎರಡು ದಿನ ಶೆಡ್ಡಿಗೆ ಬೀಗ.
ಬಂದು ತೆರೆದರೆ ಫ್ರೀಜರು ಗುಂಯ್ ಅನ್ನುತ್ತಿತ್ತು,
ಬೇಳೆ ಕಲ್ಲಿನ ಹಾಗಿತ್ತು,
ರೂಪಾಯಿ ಮಾತ್ರ ಬಾಟಲಿಯ ತಳದಲ್ಲಿ
ಏನೂ ಗೊತ್ತಿಲ್ಲದವರ ಹಾಗೆ ಮಲಗಿತ್ತು.

ನಲವತ್ತೆರಡು ಕಿಲೋ.
ಪಿಳ್ಳಮ್ಮ, ಶಬಾನಾ, ನಾನು
ಹೆಬ್ಬೆರಳ ಉಗುರು ಕಪ್ಪಾಗುವ ತನಕ ಹಿತುಕಿದ್ದು.
"ಯಾರಿಗೆ ಗೊತ್ತಾಗ್ತದೆ ಅಕ್ಕಾ" ಅಂದವಳು ನಾನೇ,
ಮುಚ್ಚಿಡುವುದಿಲ್ಲ.
ಅವಳು ಬಾಟಲಿಯನ್ನು ಬೆಳಕಿಗೆ ಹಿಡಿದಳು,
ಹಿಂದೆ ಲಸಿಕೆಯ ಸೀಸೆ ಹಿಡಿಯುತ್ತಿದ್ದ ಹಾಗೇ.
"ಇದಕ್ಕೆ ಗೊತ್ತು" ಅಂದಳು.

ತಿಪ್ಪೆಗುಂಡಿಯಲ್ಲಿ ದಿನವಿಡೀ ಸೊಗಡು.
ನಮ್ಮ ಕೂಲಿಯಲ್ಲಿ ಒಂದು ಪೈಸೆ ಕಡಿಮೆಯಾಗಲಿಲ್ಲ;
ಮಾರನೇ ವಾರ ಅವಳ ಕಿವಿಯ ಓಲೆ ಕಾಣಲಿಲ್ಲ.

ನಿನ್ನೆ ಕಲಬುರಗಿಗೆ ಒಂದು ಪೆಟ್ಟಿಗೆ, ರಾತ್ರಿ ಬಸ್ಸು.
ಮೇಲೆ ಕೆಂಪು ಶಾಯಿ, ಅವಳದೇ ದುಂಡು ಬರಹ:
ಒಳಗೆ ಡ್ರೈ ಐಸು ಇದೆ, ಬರಿಗೈಲಿ ಮುಟ್ಟಬೇಡಿ,
ತಲೆಕೆಳಗು ಮಾಡಬೇಡಿ.
ಎಂಜಿನ್ ಪಕ್ಕ ಇಡಬೇಡಪ್ಪಾ ಅಂತ
ಕ್ಲೀನರಿಗೆ ಮೂರು ಸಲ, ಜೊತೆಗೊಂದು ಟೀ.

ಇವತ್ತು ಬೆಳಿಗ್ಗೆ ಎಂಟೂವರೆಗೆ ಫೋನು.
"ಮ್ಯಾಲೇ ಅದರೀ ಅಕ್ಕೋರ, ರೂಪಾಯಿ ಮ್ಯಾಲೇ ಅದ!"
ಆ ಕಡೆಯವಳು ಖುಷಿಗೆ ಇನ್ನೂ ಏನೋ ಹೇಳಹೊರಟಳು.
"ಪೆಟ್ಟಿಗೆ ತೆರೆದು ಎಷ್ಟು ಹೊತ್ತಾಯ್ತು?"
ಮೌನ.
"ಮೊದಲು ಒಳಗಿಡಮ್ಮಾ, ಆಮೇಲೆ ಮಾತು"
ಅಂದು ಫೋನಿಟ್ಟು
ಮುಂದಿನ ಬಾಟಲಿಗೆ ರೂಪಾಯಿ ಹುಡುಕತೊಡಗಿದಳು,
ನನ್ನ ಪರ್ಸಿನಲ್ಲಿ.