ಮಾದರಿ ಪ್ರೋಗ್ರಾಮು

ಡಾಂಕಾಸ್ಟರ್ ಲೈಬ್ರರಿಯ ಮೇಲ್ಮಹಡಿ, ಬುಧವಾರ ಸಂಜೆ,
ಮರುತರಬೇತಿಗೆ ಬಂದ ಹನ್ನೊಂದು ಜನ.
ಇಪ್ಪತ್ತಾರು ವರ್ಷ ರಾತ್ರಿಪಾಳಿಯಲ್ಲಿ
ಕಾಗದ ವಿಂಗಡಿಸಿದ ಕೈ ನನ್ನದು.
ಪೋಸ್ಟ್‌ಕೋಡ್ ಕಂಡರೆ ತಾನಾಗಿ ಚಾಚುತ್ತಿತ್ತು;
ಈಗ ಕೀಲಿಮಣೆಯ ಮೇಲೆ
ಹೊಸ ಮನೆಗೆ ತಂದ ಬೆಕ್ಕಿನ ಹಾಗೆ
ಮುದುಡಿ ಕೂತಿದೆ.

"ಎರಡು ಕಿಟಕಿ ತೆರೆಯಿರಿ" ಅಂದಳು ರೊವೆನಾ.
"ಒಂದರಲ್ಲಿ ಹಾಕುವ ಪ್ರೋಗ್ರಾಮು, ಒಂದರಲ್ಲಿ ತೆಗೆಯುವುದು,
ನಡುವೆ ಬ್ರೋಕರ್."
ಬ್ರೋಕರ್ ಅಂದರೆ ನಾನು ಕಂಡಿದ್ದು
ದನದ ಸಂತೆಯ ದಲ್ಲಾಳಿ:
ಟವೆಲ್ಲಿನಡಿ ಬೆರಳು ಹಿಡಿದು ಬೆಲೆಯಾಡುವವನು,
ಸುತ್ತ ನಿಂತವರಿಗೆ ಬರೀ ಬಟ್ಟೆಯ ಅಲುಗಾಟ.
ಇವನಿಗೆ ಬೆರಳಿಲ್ಲ, ಕಮಿಷನ್ನೂ ಇಲ್ಲ,
ಹಾಕಿದವರ ಮುಖ ತೆಗೆದವರು ನೋಡಬೇಕಿಲ್ಲ.
ಅಯ್ಯೋ, ಇಷ್ಟೇನಾ?
ನಾನೂ ಡೆಸ್ಮಂಡನೂ ಕನ್ವೇಯರಿನ ಆಚೀಚೆ ನಿಂತು
ನಾಲ್ಕು ಗಂಟೆಯ ಲಾರಿ ಬರುವವರೆಗೆ
ಮಾಡಿದ್ದೂ ಇದನ್ನೇ ಅಲ್ಲವೇ.

ಕೈಪಿಡಿಯ ಮಾದರಿ ಸಂದೇಶ: ಹಲೋ ವರ್ಲ್ಡ್.
ಜಗತ್ತಿಗೆಲ್ಲ ಒಟ್ಟಿಗೆ ಕಾಗದ ಬರೆದು ನನಗೆ ಅಭ್ಯಾಸವಿಲ್ಲ.
ಅಳಿಸಿ, ಅಪ್ಪ ಕಾರ್ಡಿನ ತಲೆಗೆ ಬರೆಯುತ್ತಿದ್ದಂತೆ
ಉಭಯ ಕುಶಲೋಪರಿ ಎಂದು ಒತ್ತಿದೆ.
ಆಚೆ ಕಿಟಕಿಯಲ್ಲಿ ಬಂತು
??? ????????
ನಾನು ಕುಶಲ ಅಂದದ್ದನ್ನು
ಅದು ಕುಶಲವೇ ಕುಶಲವೇ ಎಂದು ಕೇಳುತ್ತಿತ್ತು.
"ಎನ್‌ಕೋಡಿಂಗ್" ಎಂದು ರೊವೆನಾ ಬಗ್ಗಿ
ಒಂದು ಸಾಲು ತಿದ್ದಿದಳು.
ಮರುಸಲ ಅಕ್ಷರ ಮೈತುಂಬಿ ಬಂದವು,
ಒತ್ತು, ಕೊಂಬು, ಇಳಿ ಎಲ್ಲ ಇದ್ದ ಹಾಗೇ.

ತೆಗೆಯುವ ಪ್ರೋಗ್ರಾಮು ಹದಿನೈದು ಸೆಕೆಂಡು ಕಾಯುತ್ತದೆ.
ಯಾರೂ ಏನೂ ಹಾಕದಿದ್ದರೆ
"ಇನ್ನು ಸಂದೇಶಗಳಿಲ್ಲ" ಎಂದು ಬರೆದು
ತಾನೇ ಮುಗಿಯುತ್ತದೆ.
ಮುನಿಸಿಲ್ಲ. ಬಾಗಿಲು ಬಡಿಯುವುದಿಲ್ಲ.
(ನನ್ನ ಮೊದಲ ಮದುವೆ
ಇಷ್ಟು ಮರ್ಯಾದೆಯಾಗಿ ಮುಗಿಯಲಿಲ್ಲ.)

ಆಮೇಲೆ ಕನ್ನಡಕ ಒರೆಸದೆ ಮಾಡಿದ ತಪ್ಪು:
ಒಂದನೇ ಸಾಲಿನ ಬದಲು ಏಳನೆಯದರ ಹೆಸರು ಒತ್ತಿದೆ,
ಯಾರದೋ ಗೂಡಿಗೆ ಕೈ ಹೋಯಿತು,
ಪರದೆಯ ಮೇಲೆ:
ಕೀತ್, ಕೆಲಸ ಸಿಕ್ತು. ಅಮ್ಮನಿಗೆ ಈಗಲೇ ಹೇಳ್ಬೇಡ.

ಎದೆ ಧಸಕ್ಕೆಂದಿತು.
ತೆಗೆದರೆ ತೆಗೆದಂತೆ, ಸಾಲಿನಲ್ಲಿ ಈಗ ಅದಿಲ್ಲ.
ಇಪ್ಪತ್ತಾರು ವರ್ಷದಲ್ಲಿ ಒಂದು ಲಕೋಟೆ
ನನ್ನ ಕೈಯಲ್ಲಿ ಹರಿದದ್ದಿಲ್ಲ.
ರೊವೆನಾಳನ್ನು ಕರೆಯಲಿಲ್ಲ.
ಕಾಗುಣಿತದ ತಪ್ಪನ್ನೂ ಬಿಡದೆ
ಹಾಗೆ ಹಾಗೇ ಟೈಪಿಸಿ
ಏಳನೇ ಸಾಲಿಗೆ ಹಾಕಿದೆ ವಾಪಸ್ಸು.
"ಶಾಶ್ವತ" ಎಂಬಲ್ಲಿ ಹೌದು ಅಂದೆ,
ಬ್ರೋಕರ್ ಆರಿ ಹತ್ತಿದರೂ ಅಳಿಯದ ಬಗೆಯದು,
ನಮ್ಮ ಲೆಕ್ಕದಲ್ಲಿ ರಿಜಿಸ್ಟರ್ಡ್ ಅಂಚೆ.

ತೆಗೆಯದೆ ಬರೀ ನೋಡುವ ಪ್ರೋಗ್ರಾಮೂ ಇದೆಯಂತೆ,
ಕೈಪಿಡಿಯ ಮುಂದಿನ ಪುಟದಲ್ಲಿ.
ಮೊದಲೇ ಹೇಳಬಾರದಿತ್ತೇ.
"ಪೋಸ್ಟ್‌ಕಾರ್ಡು ಓದಿದರೆ ಪಾಪವಿಲ್ಲ ಚಂಪಾ,
ಕಿಸೆಗಿಟ್ಟರೆ ಪಾಪ" ಅನ್ನುತ್ತಿದ್ದ ಡೆಸ್ಮಂಡ್,
ಬ್ಲ್ಯಾಕ್‌ಪೂಲಿನ ಕತ್ತೆಗಳ ಚಿತ್ರ ತಿರುಗಿಸುತ್ತ.
ನೋಡಿದೆ. ಇದೆ.
ಕೀತ್ ಯಾರೆಂದು ಕೇಳಲಿಲ್ಲ,
ವಿಂಗಡಿಸುವವರು ಕೇಳುವುದಿಲ್ಲ.

ಏಳೂವರೆಗೆ ದೀಪ ಆರಿಸಿದರು.
ಸ್ಟೇಷನ್ನಿನ ಕಡೆ ಸರಕು ರೈಲೊಂದು
ಎಲ್ಲಿಯೂ ನಿಲ್ಲುವ ಮನಸ್ಸಿಲ್ಲದೆ ಹೋಗುತ್ತಿತ್ತು.

ಮುಂದಿನ ಬುಧವಾರ, ಕೋಟು ಬಿಚ್ಚುವ ಮೊದಲೇ
ಏಳನೇ ಸಾಲಿನ ಮೇಲೆ ನೋಡುವ ಪ್ರೋಗ್ರಾಮು ಓಡಿಸಿದೆ.
ಸಂದೇಶಗಳಿಲ್ಲ.
ಕೀತ್ ತೆಗೆದುಕೊಂಡನೋ,
ಹೊಸ ತಂಡಕ್ಕೆಂದು ರೊವೆನಾ ಗುಡಿಸಿ ಹಾಕಿದಳೋ,
ಬ್ರೋಕರನನ್ನು ಕೇಳಿ ಉಪಯೋಗವಿಲ್ಲ:
ಟವೆಲ್ ಒಂದಿಷ್ಟು ಅಲುಗಿತ್ತು,
ಅಷ್ಟೇ.