ಬೆರಳು ಇಡಿ

ಸಾಬೂನಿನ ವಡಿಯಷ್ಟು ಅದು.
ಮೂರು ಸಲ ಕಟ್ಟಿ, ಎರಡು ಸಲ ಒಡೆದದ್ದು.
ಮೊದಲನೆಯದು ಟಿಫಿನ್ ಡಬ್ಬಿಯಷ್ಟಿತ್ತು,
ಎರಡನೆಯದಕ್ಕೆ ಜ್ವರ.
ಖರೇನೇ ಜ್ವರ: ಬ್ಯಾಟರಿಯ ಮಗ್ಗುಲಿಗೇ
ಉಷ್ಣ ಅಳೆಯುವ ಚಿಪ್ಪನ್ನು ಕೂರಿಸಿದ್ದೆ;
ಯಾರು ಹಿಡಿದರೂ ನೂರಾ ಒಂದು ತೋರಿಸುತ್ತಿತ್ತು,
ಮೇಜಿಗೆ ಮುಟ್ಟಿಸಿದರೆ ಮೇಜಿಗೂ.

ಒಂದೇ ಖೋಲಿಯಲ್ಲಿ ಐದು ಬಾಡಿಗೆ ಮಂದಿ.
ನಾಡಿ ನೋಡುವವನಿಗೆ ಕತ್ತಲೆ ಬೇಕು,
ಉಸಿರಿನ ಲೆಕ್ಕದವನ ಕೆಂಪು ದೀಪ ಅವನಿಗಾಗದು.
ಎದೆಯ ಮಿಡಿತ ಕೇಳುವವನಿಗೆ ಮೌನ ಬೇಕು,
ಸುದ್ದಿ ಕಳಿಸುವವನು ಬಾಯಿ ತೆಗೆದರೆ ಸಾಕು
ಗೆರೆಯೆಲ್ಲ ನಡುಗಿ ಗರಗಸವಾಗುತ್ತದೆ.
ಸರದಿ ಹಚ್ಚಿದೆ: ಒಬ್ಬ ಮಾತಾಡುವಾಗ
ಉಳಿದವರು ಉಸಿರು ಬಿಗಿಹಿಡಿಯಬೇಕು.
ಬೋರ್ಡಿನಲ್ಲಿ ಉಗುರಿನಗಲ ಸೀಳು ಕೊರೆದೆ.
ಆ ಸಂದಿಯಾಚೆ ಉಷ್ಣದವನು
ಒಬ್ಬನೇ ತಣ್ಣಗೆ ಕುಳಿತ;
ಅಂದಿನಿಂದ ಸುಳ್ಳು ಹೇಳಿಲ್ಲ.

ಸೋಲಾಪುರದ ಅಶೋಕ ಚೌಕದ ಅಂಗಡಿ.
ಹಗಲೆಲ್ಲ ಮಿಕ್ಸರ್, ಫ್ಯಾನು, ಮಗ್ಗದ ಮೋಟರಿನ ಕಾಯಿಲ್,
ರಾತ್ರಿ ಹತ್ತರ ಮೇಲೆ ಇದು.
ನನ್ನ ಬೆರಳು, ತಮ್ಮನ ಬೆರಳು,
ಚಹಾ ತರುವ ಇಲಾಹಿಯ ಬೆರಳು,
ಎಲ್ಲಕ್ಕೂ ಹಸಿರು ದೀಪ ಹತ್ತಿತು.
ಇಲಾಹಿ ಪರದೆ ನೋಡಿ ಹೆದರಿದ:
"ಇಷ್ಟೆಲ್ಲಾ ನನ್ನೊಳಗ ಐತೇನ್ರಿ?"

ರವಿವಾರ ಕುಂಭಾರಿಗೆ ಒಯ್ದೆ.
ಬೀಡಿ ಓಣಿ. ಹೊಸ್ತಿಲಿಗೊಂದು ಮೊರ,
ಮೊರದಲ್ಲಿ ತಂಬಾಕು, ಒದ್ದೆ ಗೋಣಿಯಲ್ಲಿ ಎಲೆ.
ಮಾತಿಗೆ ತೆಲುಗು, ಲೆಕ್ಕಕ್ಕೆ ಮರಾಠಿ,
ಬೈಗುಳಕ್ಕೆ ಕನ್ನಡ.
ಭೌರವ್ವ ಕತ್ತರಿ ಕೆಳಗಿಟ್ಟು
ಬೆರಳಿಟ್ಟಳು.

ಬೆರಳು ಇಡಿ, ಅಂದಿತು ಪರದೆ.

"ಇಟ್ಟೀನಲ್ಲೋ."

ಬೆರಳು ಇಡಿ.

ಸೆರಗಿಗೆ ಒರೆಸಿಕೊಂಡು ಮತ್ತೆ ಇಟ್ಟಳು.

ಬೆರಳು ಇಡಿ.

"ಮತ್ತ ಇದೇನು, ಬದನೀಕಾಯೇನು?"
ಓಣಿಯೆಲ್ಲ ನಕ್ಕಿತು. ನಾನೂ ನಕ್ಕೆ,
ತುಟಿಯಿಂದಷ್ಟೇ.

ನಲವತ್ತೊಂದು ವರ್ಷ, ದಿನಕ್ಕೆ ಸಾವಿರ ಬೀಡಿ.
ಬೆರಳ ತುದಿಯಲ್ಲಿ ಗೆರೆಯೇ ಇಲ್ಲ.
ಸವೆದು, ದಡ್ಡುಗಟ್ಟಿ, ಮತ್ತೆ ಸವೆದು
ತಂಬಾಕಿನ ಕಂದು ಒಳಗಿಳಿದು ಕೂತಿದೆ.
ಬೆಳಕು ಹೋಗುತ್ತದೆ, ತಿರುಗಿ ಬರುವುದಿಲ್ಲ.
"ರೇಶನ್ ಅಂಗಡ್ಯಾಗೂ ಹಿಂಗ ಅಂತೈತಿ," ಅಂದಳು,
"ಈ ಬೆರಳಿನಾಕಿ ಇಲ್ಲೇ ಇಲ್ಲಂತ.
ಮಗನ ಬೆರಳ ಒತ್ತಿಸಿ ಅಕ್ಕಿ ತರ್ತೀನಿ.
ಈಗ ನಾಡೀನೂ ಅವಂದ ನೋಡತಿಯೇನು?"

ಬೆಂಡೋಲೆ ಬಿಚ್ಚೆಂದೆ. ಬಿಚ್ಚಲಿಲ್ಲ,
ಎರಡು ಬೆರಳಲ್ಲಿ ಮೇಲಕ್ಕೆ ಸರಿಸಿ ಹಿಡಿದಳು.
ಡಬ್ಬಿಯನ್ನು ಬೋರಲು ಮಾಡಿ
ಕಿವಿಯ ಹಾಲೆಯ ಹಿಂದೆ ಒತ್ತಿದೆ.
ಅಲ್ಲಿಗೆ ತಂಬಾಕು ತಲುಪಿರಲಿಲ್ಲ.
ಮೆತ್ತಗಿತ್ತು, ಹಸುಗೂಸಿನ ಕಿವಿಯಂತೆ.

ಎಂಬತ್ತೊಂಬತ್ತು.

ವರ್ಷವಿಡೀ ಇದು ನಿಜ ಹೇಳಲೆಂದು ಕುಳಿತವನು
ಆ ಗಳಿಗೆ, ಒಂದು ಸಲ,
ಹಳೆಯ ಜ್ವರದ ಡಬ್ಬಿಯಂತೆ ಸುಳ್ಳಾಡಲೆಂದು ಬೇಡಿದೆ.
ಇನ್ನೊಂದು ಕಿವಿಗೆ ಒತ್ತಿದೆ.
ಎಂಬತ್ತೊಂಬತ್ತೇ.

"ಎಷ್ಟಂತ?"
ಉಸಿರಿನದು, ಅವ್ವಾ. ನೂರಕ್ಕೆ ಎಂಬತ್ತೊಂಬತ್ತು.
"ಹಂಗಾರ ಪಾಸಾದೆ ಬಿಡು."
ನಕ್ಕಳು, ನಗು ಕೆಮ್ಮಾಯಿತು,
ಕೆಮ್ಮು ಮುಗಿಯುವವರೆಗೆ ಓಣಿಯಲ್ಲಿ
ಯಾರ ಕತ್ತರಿಯೂ ಆಡಲಿಲ್ಲ.

ಗುರುವಾರ ಸಿವಿಲ್ ಆಸ್ಪತ್ರೆಗೆ ಬಾ ಅಂದೆ.
"ಸಾವಿರ ಬೀಡಿ ಯಾರು ಸುತ್ತತಾರ, ನಿನ್ನ ಡಬ್ಬಿ?"

ರಾತ್ರಿ ಪರದೆಯ ಮಾತು ತಿದ್ದಲು ಕುಳಿತೆ.
ಬೆರಳು ಇಡಿ.
ಅದರ ಕೆಳಗೆ: ಆಗದಿದ್ದರೆ ಕಿವಿಗೊಡಿ.
ಬರೆದ ಮೇಲೆ ನೋಡಿದರೆ ಯಾರಿಗೆ ಹೇಳಿದೆನೋ ತಿಳಿಯಲಿಲ್ಲ.
ಅಗಲ ಸಾಲದೆ ಕೊನೆಯ ಅಕ್ಷರ ಅಂಚಿನಾಚೆ ಬಿದ್ದಿತ್ತು.
ಎತ್ತಿ ಕೂರಿಸಲು ಎಷ್ಟು ಹೊತ್ತು?
ಆದರೂ ಹಾಗೇ ಬಿಟ್ಟು, ಸೋಲ್ಡರ್ ಕಡ್ಡಿ ಆರುವವರೆಗೆ
ನನ್ನದೇ ಕಿವಿ ಹಿಡಿದುಕೊಂಡು ಕೂತಿದ್ದೆ.